ತಾಳಕ್ಕೊಂದು ಬಿಕ್ಕಳಿಕೆ

ಒಣ ಬ್ರೆಡ್ಡಿನ ಕೊನೆಯ ತುಂಡನ್ನು ನೀರಿಲ್ಲದೆ ನುಂಗಿದ್ದೇ ತಪ್ಪಾಯಿತು. ಗ್ರಂಥಾಲಯದ ಗುಮಾಸ್ತರು ಮನೆಯ ಮೆಟ್ಟಿಲಿಳಿಯುವಷ್ಟರಲ್ಲಿ ಬಿಕ್ಕಳಿಕೆ ಶುರುವಾಗಿತ್ತು. ಬೇರೆ ದಿನವಾಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಆದರೆ ಅವತ್ತು ಸಂಜೆ ಡ್ರಮ್ ಕಚೇರಿ. ಹಾಡಿಲ್ಲ, ಪಕ್ಕವಾದ್ಯವಿಲ್ಲ, ಒಬ್ಬ ಹೆಂಗಸು, ಒಂದೇ ಡ್ರಮ್. ಅದನ್ನು ಕಣ್ಣೆದುರು ಕೂತು ಕೇಳಬೇಕೆಂದು ಅವರು ಮೂರು ತಿಂಗಳಿಂದ ಕಾದಿದ್ದರು.

"ಯಾರೋ ನೆನೆಸ್ಕೋತಿದಾರೆ," ಎಂದಳು ಹೆಂಡತಿ. "ಯಾರು ಅಂತ ನೀವೇ ಹೇಳ್ಬಿಟ್ರೆ ಒಳ್ಳೇದು."

ಗುಮಾಸ್ತರು ಬಾಯಿ ತೆರೆದರು. "ಇಕ್!" ಎಂಬುದಷ್ಟೇ ಉತ್ತರ.

ಇಪ್ಪತ್ತೆರಡು ವರ್ಷದಿಂದ 'ನಿಶ್ಶಬ್ದ' ಎಂಬ ಬೋರ್ಡಿನ ಕೆಳಗೆ ಕೂತು ಕಂಡಕಂಡವರಿಗೆಲ್ಲ "ಶ್ಶ್" ಅಂದವರು ಅವರು. ಅವತ್ತು ಓದುಗರೆಲ್ಲ ಸೇರಿ ಅವರ ಒಂದೊಂದು ಬಿಕ್ಕಳಿಕೆಗೂ "ಶ್ಶ್" ಅಂದು ಬಡ್ಡಿಸಮೇತ ತೀರಿಸಿಕೊಂಡರು. ಮಧ್ಯಾಹ್ನಕ್ಕೆ ಮುಖ್ಯಸ್ಥರೇ ಎದ್ದು ಬಂದರು.

"ಮನೆಗ್ ಹೋಗ್ರೀ. ನೀವಿಲ್ಲಿ ಕೂರೋದಕ್ಕಿಂತ ಗೋಡೆಗೆ ಮೊಳೆ ಹೊಡೆಸೋದೇ ವಾಸಿ."

ಮನೆಯಲ್ಲಿ ಪಕ್ಕದ ಮನೆಯ ನಿವೃತ್ತ ಕಂಪೌಂಡರರು ತೋಳು ಮಡಚಿ ಸಿದ್ಧರಾಗಿದ್ದರು. ಉಸಿರು ಕಟ್ಟಿಸಿದರು. ಸಕ್ಕರೆ ಮುಕ್ಕಿಸಿದರು. ಬಗ್ಗಿಸಿ ನಿಲ್ಲಿಸಿ ಲೋಟದ ಆ ಕಡೆಯ ಅಂಚಿನಿಂದ ನೀರು ಕುಡಿಸಿದರು. ನೀರು ಮೂಗಿನಿಂದ ಹೊರಬಂತು, ಬಿಕ್ಕಳಿಕೆ ಮಾತ್ರ ಬಾಯಿಂದಲೇ ಬರುತ್ತಿತ್ತು.

"ಈ ಅವತಾರದಲ್ಲಿ ನಿಮ್ ಜೊತೆ ಬಂದ್ರೆ ನನ್ನ ಮಾನ ಹೋಗುತ್ತೆ," ಎಂದು ಹೆಂಡತಿ ತನ್ನ ಟಿಕೆಟ್ಟನ್ನು ಕಂಪೌಂಡರರ ಕೈಗಿಟ್ಟಳು. "ನೀವೇ ಹೋಗಿ ಅಣ್ಣಾ. ಹೇಗಾದ್ರೂ ನಿಲ್ಲಿಸಿ."

"ನನಗ್ ಬಿಡಮ್ಮ!" ಎಂದರು ಅವರು ಎದೆ ತಟ್ಟಿಕೊಂಡು.

ಎರಡನೇ ಸಾಲಿನಲ್ಲಿ ಜಾಗ. ನರೆಗೂದಲಿನ ಆ ಹೆಂಗಸು ಬೆರಳ ತುದಿಯಲ್ಲಿ, ಬಾಗಿಲು ತಟ್ಟಲೋ ಬೇಡವೋ ಎಂಬಂತೆ, ಡ್ರಮ್ ಮುಟ್ಟಿದಳು. ಗುಮಾಸ್ತರು ಬಾಯಿಗೆ ಕರವಸ್ತ್ರ ತುರುಕಿಕೊಂಡರು. ಏನು ಮಾಡಿದರೇನು?

"ಇಕ್!"

ಮುನ್ನೂರು ತಲೆಗಳು ತಿರುಗಿದವು. ಡ್ರಮ್ ನಿಂತಿತು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದರು, ಪಾಪ.

ಆಕೆ ನಕ್ಕಳು. ಅಂಗೈಯಿಂದ ಒಂದೇ ಏಟು: ಧಡ್! ಆಮೇಲೆ ಕಾದಳು.

"ಇಕ್!"

ಧಡ್ ಧಡ್!

ಅಲ್ಲಿಂದ ಶುರುವಾಯಿತು ನೋಡಿ! ಆಕೆಯ ಕೈಗಳು ಎಲ್ಲೆಲ್ಲೋ ಓಡಿಹೋಗಿ, ಬಳಸಿ, ಸುತ್ತಿ, ಸರಿಯಾಗಿ ಬಿಕ್ಕಳಿಕೆ ಬೀಳುವ ಹೊತ್ತಿಗೆ ಬಂದು ನಿಲ್ಲುತ್ತಿದ್ದವು. ಜನ ಭಲೆ ಎಂದರು. ಗುಮಾಸ್ತರು ಕರವಸ್ತ್ರ ಜೇಬಿಗಿಟ್ಟರು. ಬೆನ್ನು ತಾನೇ ನೆಟ್ಟಗಾಯಿತು. ಜನ್ಮವಿಡೀ ಇನ್ನೊಬ್ಬರ ಬಾಯಿ ಮುಚ್ಚಿಸಿದವರ ಒಂದು ಸದ್ದಿಗಾಗಿ ಇಷ್ಟು ದೊಡ್ಡ ಕಲಾವಿದೆ ಕಾಯುತ್ತಿದ್ದಾಳೆ! ಅವರಿಗೆ ಕಣ್ಣು ತುಂಬಿ ಬಂತು. ದೇವರೇ, ಇದೊಂದು ನಿಲ್ಲದಿರಲಿ ಎಂದು ಬೇಡಿಕೊಂಡರು.

ವೇಗ ಏರಿತು. ಏರಿ ಏರಿ, ಆಕೆ ಎರಡೂ ಕೈ ಗಾಳಿಯಲ್ಲಿ ಎತ್ತಿ ಹಿಡಿದಳು. ಸಭೆಯೆಲ್ಲ ಅವರೊಬ್ಬರಿಗಾಗಿ ಉಸಿರು ಬಿಗಿಹಿಡಿದಿತ್ತು. ಗುಮಾಸ್ತರು ಬಾಯಿ ತೆರೆದರು.

ಕಂಪೌಂಡರರಿಗೆ ಸಂಗೀತ ಅಷ್ಟಕ್ಕಷ್ಟೇ. ಅವರ ಕಣ್ಣಿಗೆ ಕಂಡಿದ್ದು ಇನ್ನೂ ವಾಸಿಯಾಗದ ಒಬ್ಬ ರೋಗಿ. ಬೆಚ್ಚಿಬೀಳಿಸಿದರೆ ಬಿಕ್ಕಳಿಕೆ ನಿಲ್ಲುತ್ತದೆಂಬುದು ಅವರಿಗೆ ಆಗಲೇ ಹೊಳೆಯಬೇಕೇ? ಗುಮಾಸ್ತರ ಕಿವಿಗೆ ಬಾಯಿಟ್ಟು, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಅರಚಿದರು:

"ಹೋಯ್!"

ಗುಮಾಸ್ತರು ಕುರ್ಚಿಯಿಂದ ಒಂದು ಗೇಣು ಮೇಲೆ ಹಾರಿದರು. ಬಿಕ್ಕಳಿಕೆ ಎಲ್ಲಿತ್ತೋ ಅಲ್ಲೇ ಸತ್ತಿತು. ಆದರೆ ಆ "ಹೋಯ್" ಕೂದಲೆಳೆಯೂ ಆಚೀಚೆಯಾಗದೆ ತಾಳದ ನೆತ್ತಿಯ ಮೇಲೆ ಬಿದ್ದಿತ್ತು.

ಧಡಾಂ! ಸಭೆ ಎದ್ದು ನಿಂತಿತು. ಆಕೆ ಕಂಪೌಂಡರರತ್ತ ಬೆರಳು ಮಾಡಿದಳು: ಇನ್ನೊಮ್ಮೆ. "ಹೋಯ್!" ಧಡಾಂ! ಐದೇ ನಿಮಿಷದಲ್ಲಿ ಕಂಪೌಂಡರರು ವೇದಿಕೆಯ ಮೇಲಿದ್ದರು.

ಬಿಕ್ಕಳಿಕೆ ಮತ್ತೆ ಬರಲೆಂದು ಗುಮಾಸ್ತರು ಒಣ ಗಂಟಲಲ್ಲೇ ಎಂಜಲು ನುಂಗಿದರು, ಗಾಳಿ ಕುಡಿದರು. ಊಹೂಂ. ಬೆಳಿಗ್ಗೆ ಬಯಸಿದ್ದಂತೆ ಒಂದು ಸದ್ದೂ ಮಾಡದೆ ಕೂತು ಕಚೇರಿಯನ್ನು ಪೂರ್ತಿ ಕೇಳಿದರು. ಅದ್ಭುತವಾಗಿಯೇ ಇತ್ತು. ಹೊಟ್ಟೆ ಮಾತ್ರ ಉರಿಯುತ್ತಿತ್ತು.

ಮನೆಯ ದಾರಿಯಲ್ಲಿ ಕಂಪೌಂಡರರ ಗಂಟಲು ಕಟ್ಟಿತ್ತು, ಉತ್ಸಾಹ ಕಟ್ಟಿರಲಿಲ್ಲ.

"ನಾಳೆ ಕಚೇರಿಗೂ ನಾನೇ ಬೇಕಂತೆ! ನೀವೂ ಬನ್ನಿ, ಮುಂದಿನ ಸಾಲಲ್ಲೇ ಕೂರಿಸ್ತೀನಿ. ಆದ್ರೆ ಕೈ ಮುಗೀತೀನಿ ಸ್ವಾಮಿ, ಮಧ್ಯೆ ಬಿಕ್ಕಬೇಡಿ. ನಂಗೆ ತಾಳ ತಪ್ಪುತ್ತೆ."