ಎಂಟನೇ ಪಾಠದ ಸೈರನ್

ಎಲ್ಲಕ್ಕೂ ಮೂಲ ಆ ಸೀಮೆಎಣ್ಣೆ ಸ್ಟವ್ವು. ಯಶವಂತಪುರದ ಮಸೀದಿ ಬೀದಿಯ ಜಹೀರನ ಮನೆಯಲ್ಲಿ ಒಂದು ಬೆಳಿಗ್ಗೆ ಅದು ಭಗ್ಗೆಂದು ಹತ್ತಿಕೊಂಡಿತು. ಜಹೀರ್ ಒಂದು ಕ್ಷಣವೂ ತಡಮಾಡಲಿಲ್ಲ. ಗೂಡಿನಲ್ಲಿದ್ದ ಟ್ರಾನ್ಸಿಸ್ಟರನ್ನು ಎದೆಗವಚಿಕೊಂಡು ಬೀದಿಯ ಕೊನೆಯವರೆಗೂ ಓಡಿದ. ಮನೆಯಲ್ಲಿ ಹೆಂಡತಿಯೂ ಇದ್ದಾಳೆಂಬುದು ಅವನಿಗೆ ನೆನಪಾದದ್ದು ಪಾನ್ ಅಂಗಡಿಯವನು ಕೇಳಿದಾಗ.

ವಾಪಸ್ಸು ಬಂದು ನೋಡಿದರೆ ಕುಲ್ಸುಮ್ ಒದ್ದೆ ಗೋಣಿಚೀಲ ಹಾಕಿ ಬೆಂಕಿ ಆರಿಸಿದ್ದಳು, ಮುಖದ ಮಸಿ ತೊಳೆದಿದ್ದಳು, ಬಟ್ಟೆಬರೆಯನ್ನು ಟ್ರಂಕಿಗೆ ತುಂಬಿಯೂ ಆಗಿತ್ತು.

"ನಿಮ್ಮನ್ನ ನಂಬ್ಕೊಂಡು ಹೇಗೆ ಇರೋದು? ರೇಡಿಯೋ ಜೊತೇನೇ ಸಂಸಾರ ಮಾಡಿ" ಎಂದು ಮನೆಮಾತಿನಲ್ಲಿ ಹೇಳಿ, ಸಿರಾದ ತವರಿನ ಬಸ್ಸು ಹತ್ತಿದಳು.

ಆಮೇಲೆ ಆ ಮನೆ ಮನೆಯಾಗಿ ಉಳಿಯಲಿಲ್ಲ. ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತನಾಗಿದ್ದ ಜಹೀರ್ ಸಂಜೆ ಬಂದು ಬೀಗ ತೆಗೆದರೆ ಒಳಗೆ ಬಳೆ ಸದ್ದಿಲ್ಲ, ಬೈಗುಳವಿಲ್ಲ. ಚಹಾ ಮಾಡಿದರೆ ಕೈ ತಪ್ಪಿ ಎರಡು ಲೋಟಕ್ಕೆ ಸುರಿಯುತ್ತಿದ್ದ. ಎರಡನೆಯದನ್ನು ಚೆಲ್ಲಲು ಮನಸ್ಸು ಬಾರದೆ, ಆರಿದ ಮೇಲೆ ತಾನೇ ಕುಡಿಯುತ್ತಿದ್ದ.

ಹೀಗಿರುವಾಗ ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತು. ಬೆಂಕಿ, ನೆರೆ, ಬಾಂಬು ಯಾವುದೇ ಬರಲಿ, ಜನರನ್ನು ಕಾಪಾಡುವ ಆಪತ್ಕಾಲದ ಮೇಲ್ವಿಚಾರಕರಾಗಿ; ಅಂಚೆಯಲ್ಲಿ ಎಂಟು ಪಾಠ; 'ನಿಮ್ಮದೇ ವೇಗದಲ್ಲಿ ಕಲಿಯಿರಿ, ಅವಸರವಿಲ್ಲ'. ಜಹೀರನಿಗೆ ಎಲ್ಲಿಲ್ಲದ ಅವಸರವಿತ್ತು. ಆ ಸರ್ಟಿಫಿಕೇಟು ಗೋಡೆಗೇರಿದ ದಿನ ಕುಲ್ಸುಮ್ ನಂಬುತ್ತಾಳೆ, ಬರುತ್ತಾಳೆ ಎಂದು ಅವನು ಲೆಕ್ಕ ಹಾಕಿದ. ಅವಳ ತಮ್ಮ ವಾಜಿದ್ ತರಗುಪೇಟೆಗೆ ಬಂದಾಗ ಹೇಳಿಯೂ ಕಳಿಸಿದ: "ಪಾಸಾಗ್ತೀನಿ, ಆಮೇಲೆ ಬಂದು ಕರೀತೀನಿ ಅಂತ ಹೇಳು. ನನ್ನದೇ ವೇಗದಲ್ಲಿ ಓದ್ತಿದೀನಿ."

ಬೀದಿಗೆ ಅವನದೊಂದು ತಮಾಷೆಯಾಯಿತು. ಬಾಗಿಲಲ್ಲಿ ಮರಳಿನ ಬಕೆಟ್ಟು ಇಟ್ಟ. ಬೀದಿಯ ಬೆಕ್ಕುಗಳು ಅದನ್ನು ತಮ್ಮದೇ ರೀತಿಯಲ್ಲಿ ಉಪಯೋಗಿಸಿಕೊಂಡವು. ಗಾಯಕ್ಕೆ ಪಟ್ಟಿ ಕಟ್ಟುವ ಪಾಠ ಬಂದಾಗ ಕಟ್ಟಿಸಿಕೊಳ್ಳಲು ಯಾರೂ ಸಿಗದೆ, ಕುಲ್ಸುಮಳ ದಿಂಬಿಗೇ ತಲೆಪಟ್ಟಿ ಕಟ್ಟಿದ. ಕಟ್ಟಿದ್ದನ್ನು ಬಿಚ್ಚಲು ಮನಸ್ಸಾಗದೆ ಹಾಗೇ ಪಕ್ಕದಲ್ಲಿಟ್ಟುಕೊಂಡು ಮಲಗಿದ. ಪಕ್ಕದ ಮನೆಯ ದ್ರೌಪದಮ್ಮ ಕಿಟಕಿಯಿಂದ ಇಣುಕಿ ನೋಡಿ ಗಲ್ಲಕ್ಕೆ ಕೈ ಹಚ್ಚಿದಳು. ಅವಳ ಕಣ್ಣಿಗೆ ಬಿದ್ದದ್ದು ಸಂತೆಗೆ ಬಿದ್ದಂತೆಯೇ.

ಎಂಟನೆಯದು ಪ್ರಾಯೋಗಿಕ ಪಾಠ. ಪರೀಕ್ಷಕರ ಎದುರು ಸೈರನ್ ಕೂಗಿಸಿ, ಬೀದಿಯ ಜನರನ್ನೆಲ್ಲ ಮನೆಗಳಿಂದ ಬಯಲಿಗೆ ಸಾಗಿಸಬೇಕು. ಪರೀಕ್ಷೆಯ ದಿನ ರಂಜಾನಿನ ನಡುವೆ ಬಿತ್ತು. ಊರಲ್ಲಿ ಬಾಡಿಗೆಗೆ ಸೈರನ್ ಎಲ್ಲಿ ಸಿಗಬೇಕು? ಮಸೀದಿಯಲ್ಲಿ ಒಂದಿತ್ತು, ಕೈಯಿಂದ ತಿರುಗಿಸುವಂಥದು. ರೋಜಾದ ಉಪವಾಸ ಬಿಡುವ ಹೊತ್ತಾಯಿತೆಂದು ದಿನಾ ಸಂಜೆ ಅದನ್ನು ಕೂಗಿಸುವವರು ಮುದುಕರಾದ ಅತಾವುಲ್ಲಾ ಸಾಹೇಬರು.

"ನಾಲ್ಕು ಗಂಟೆಗೆ ಮುಗಿಸಿಬಿಡ್ತೀನಿ ಸಾಹೇಬ್ರೇ" ಎಂದು ಜಹೀರ್ ಬೇಡಿಕೊಂಡ.

"ಇಫ್ತಾರ್‌ಗೆ ಮುಂಚೆ ಇದು ಇದ್ದ ಜಾಗದಲ್ಲಿ ಇರ್ಬೇಕು, ಹಾಂ" ಎಂದು ಅವರು ಕೊಟ್ಟರು.

ನಾಲ್ಕು ಗಂಟೆಗೆ ಬೀದಿಯವರೆಲ್ಲ ಹೊಸಲ ಮೇಲೆ ಸಿದ್ಧವಾಗಿ ನಿಂತಿದ್ದರು. ಪರೀಕ್ಷಕರ ಸುಳಿವಿಲ್ಲ. ಕಾದು ಕಾದು, ಜಹೀರನ ತಲೆ ಸವರಿ, ಒಬ್ಬೊಬ್ಬರೇ ಒಳಗೆ ಹೋದರು. ಹೆಂಗಸರು ಸಮೋಸ ಕರಿಯಲು ಕುಳಿತರು, ಮಸೀದಿಯ ಹಿಂದೆ ಗಂಜಿಯ ಹಂಡೆ ಕುದಿಯಿತು. ಮಳೆಯ ಮೋಡ ಕವಿದು, ಹೊತ್ತೆಷ್ಟಾಯಿತೆಂದು ಆಕಾಶ ನೋಡಿ ಹೇಳುವಂತಿರಲಿಲ್ಲ.

ಆರು ಗಂಟೆ ದಾಟಿದ ಮೇಲೆ ಮೋಪೆಡ್ ತಳ್ಳಿಕೊಂಡು ಪರೀಕ್ಷಕರು ಬಂದರು. ಹೆಸರು ವೀರಬಸಪ್ಪ, ಪೊಲೀಸಿನಲ್ಲಿ ಹವಾಲ್ದಾರರಾಗಿದ್ದವರು, ಯಲಹಂಕದ ಕಡೆಯವರು.

"ಹೆಬ್ಬಾಳದ ಹತ್ರ ಪಂಕ್ಚರ್ ಕಣ್ರೀ. ನಡೀರಿ, ಶುರು ಮಾಡಿ."

"ಸಾರ್, ಈಗ ಬೇಡ ಸಾರ್. ಇನ್ನು ಅರ್ಧ ಗಂಟೆಗೆ ಇಫ್ತಾರ್ ಹೊತ್ತು. ನಾಳೆ ಇಟ್ಕೊಳ್ಳೋಣ."

"ನಾಳೆ ನಾನು ದಾವಣಗೆರೇಲಿ ಇರ್ತೀನಿ. ಇವತ್ತು ಆಗ್ಲಿಲ್ಲಾಂದ್ರೆ ಇನ್ನು ಮುಂದಿನ ವರ್ಷಾನೇ. ಅಲ್ರೀ, ಆಪತ್ತು ಏನು ನಿಮ್ಮನ್ನ ಕೇಳ್ಕೊಂಡು ಬರುತ್ತಾ?"

ಮುಂದಿನ ವರ್ಷ! ಇನ್ನೊಂದು ವರ್ಷ ಎರಡು ಲೋಟ ಚಹಾ, ಪಟ್ಟಿ ಕಟ್ಟಿದ ದಿಂಬು. ಅಷ್ಟರಲ್ಲಿ ಜಹೀರನಿಗೆ ಐದನೇ ಪಾಠ ನೆನಪಾಗಿ ಧೈರ್ಯ ಬಂತು. ಆಪತ್ತಿನ ಸೈರನ್ ಏರಿಳಿಯಬೇಕು, ಒಂದೇ ಸಮನೆ ಕೂಗಬಾರದು. ಏರಿಸಿ ಇಳಿಸಿ ಕೂಗಿಸಿದರೆ ಇದು ಇಫ್ತಾರಿನದಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ ಎಂದುಕೊಂಡು ಹಿಡಿಕೆ ತಿರುಗಿಸಿದ.

ಅವನು ಮರೆತದ್ದೊಂದೇ. ಅತಾವುಲ್ಲಾ ಸಾಹೇಬರಿಗೆ ವಯಸ್ಸಾಗಿತ್ತು. ಎರಡು ಸುತ್ತು ತಿರುಗಿಸಿ, ತೋಳು ಸೋತು, ದಮ್ಮು ತೆಗೆದುಕೊಂಡು, ಮತ್ತೆ ತಿರುಗಿಸುತ್ತಿದ್ದರು. ವರ್ಷಗಳಿಂದ ಆ ಬೀದಿಯ ಇಫ್ತಾರ್ ಸೈರನ್ ಏರಿ ಇಳಿದೇ ಕೂಗುತ್ತಿತ್ತು.

ಸೈರನ್ ಕೂಗಿದ್ದೇ ತಡ, ಹೊರಗಿದ್ದವರೂ ದಡಬಡ ಒಳಗೆ ಓಡಿದರು. ಬಾಗಿಲುಗಳು ಮುಚ್ಚಿಕೊಂಡವು. ಜಹೀರನ ಕಣ್ಣಿಗೆ ಬಿದ್ದದ್ದು ಒಂದು ಮೇಕೆ ಮಾತ್ರ. ಗಡಿಯಾರ ನೋಡುವ ಅಭ್ಯಾಸ ಆ ಬೀದಿಗೆ ಇರಲಿಲ್ಲ. ಸಾಹೇಬರ ಸೈರನ್ ಇರುವಾಗ ಗಡಿಯಾರ ಯಾಕೆ? ಮನೆಮನೆಯಲ್ಲೂ ಖರ್ಜೂರ ಬಾಯಿಗೆ ಹೋಯಿತು, ನೀರು ಗಂಟಲಿಗೆ ಇಳಿಯಿತು.

"ಎಲ್ರೀ ನಿಮ್ಮ ಜನ?" ಎಂದು ವೀರಬಸಪ್ಪ ಹುಬ್ಬು ಗಂಟಿಕ್ಕಿದರು.

ಜಹೀರನಿಗೆ ಆಗ ವಿಷಯ ಹೊಳೆಯಿತು. ಹಿಡಿಕೆ ಬಿಟ್ಟರೂ ಸೈರನ್ ತನ್ನ ಪಾಡಿಗೆ ತಾನು ಗೋಳಿಡುತ್ತಲೇ ಇತ್ತು.

ಸೈರನ್ ನಿಂತಿತು. ಅದರ ಹಿಂದೆಯೇ ಬರಬೇಕಾದ ಅಜಾನ್ ಬರಲಿಲ್ಲ. ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು. ಅತಾವುಲ್ಲಾ ಸಾಹೇಬರು ಕೈಕಾಲು ತೊಳೆಯುತ್ತಿದ್ದವರು ಹಾಗೇ ಟವೆಲ್ಲು ಹಿಡಿದು ಉರ್ದುವಿನಲ್ಲಿ ಕೂಗುತ್ತ ಓಡಿಬಂದರು.

"ಅರೆ ಜಹೀರ್! ಇನ್ನೂ ಹೊತ್ತು ಮುಳುಗಿಲ್ವಲ್ಲೋ! ಊರಿನ ರೋಜಾ ಎಲ್ಲಾ ಕೆಡಿಸಿಬಿಟ್ಯಲ್ಲೋ!"

ಆಗ ಬೀದಿಗೆ ಬೀದಿಯೇ ಎದ್ದು ಬಂತು. ಜಹೀರ್ ಹಿಂದೆ ಹಿಂದೆ ಸರಿಯುತ್ತ ಬಯಲಿಗೆ ಬಂದ. ಅವರೂ ಬಯಲಿಗೆ ಬಂದರು. ಕಾಲು ಬಿದ್ದುಹೋಗಿದ್ದ ಮುದುಕಿ ಮಲ್ಕಾ ಬೀ, ಅವನನ್ನು ತನ್ನ ಬಾಯಲ್ಲೇ ಬೈಯಬೇಕೆಂದು ಹಟ ಹಿಡಿದು, ಇಬ್ಬರು ಮಕ್ಕಳಿಂದ ಕುರ್ಚಿಸಮೇತ ಹೊರಿಸಿಕೊಂಡು ಬಂದಳು. ಎಲ್ಲರೂ ಕೈ ಎತ್ತಿ ಒಟ್ಟಿಗೆ ಉರ್ದುವಿನಲ್ಲಿ ಕೂಗುತ್ತಿದ್ದರು.

ವೀರಬಸಪ್ಪನವರಿಗೆ ಉರ್ದು ಬಾರದು. ಅವರ ಮುಖ ಮಾತ್ರ ನಿಧಾನವಾಗಿ ಅರಳಿತು.

"ಭೇಷ್! ಮೊದ್ಲು ಒಳಗೆ ಆಸರೆ, ಆಮೇಲೆ ಬಯಲಿಗೆ. ಎರಡು ಹಂತ! ನಾನು ಇಂಥದ್ದು ನೋಡೇ ಇರ್ಲಿಲ್ಲ. ನಡೀಲಾರದ ಅಜ್ಜೀನ ಕುರ್ಚೀಲಿ ಹೊತ್ಕೊಂಡು ಬಂದ್ರಲ್ರೀ, ಥೇಟ್ ಆರನೇ ಪಾಠ! ಜನಕ್ಕೂ ಎಷ್ಟು ಹುಮ್ಮಸ್ಸು!"

ಮೋಪೆಡ್ ಸೀಟಿನ ಮೇಲೇ ಸರ್ಟಿಫಿಕೇಟು ಇಟ್ಟು ಸಹಿ ಹಾಕಿ, ಜಹೀರನ ಕೈ ಕುಲುಕಿ, ಮೋಪೆಡ್ ತಳ್ಳಿಕೊಂಡು ಹೊರಟೇಹೋದರು.

ಜಹೀರನಿಗೆ ಬೈಗುಳ ಕಿವಿಗೆ ಬೀಳಲಿಲ್ಲ. ಪಾಸು! ನಾಳೆ ಮೊದಲ ಬಸ್ಸಿಗೇ ಸಿರಾ. ಅವನ ಕಣ್ಣು ತುಂಬಿಬಂತು. ಎಲ್ಲರ ಕ್ಷಮೆ ಕೇಳೋಣವೆಂದು ತಲೆ ಎತ್ತಿದರೆ, ಜನರ ಹಿಂದೆ, ಟ್ರಂಕಿನ ಪಕ್ಕ, ಕುಲ್ಸುಮ್ ನಿಂತಿದ್ದಳು. ಜೊತೆಗೆ ವಾಜಿದ್ ಇದ್ದ.

"ಕುಲ್ಸುಮ್!" ಎಂದ ಜಹೀರ್. ಅಷ್ಟು ತಿಂಗಳು ಕೂಡಿಟ್ಟ ಮಾತೆಲ್ಲ ಆ ಒಂದು ಹೆಸರಿನಲ್ಲೇ ಖರ್ಚಾಗಿಹೋಯಿತು. ಕಾಗದವನ್ನು ಎತ್ತಿ ತೋರಿಸಿದ. "ನೋಡು, ಪಾಸಾದೆ!"

"ಅದನ್ನ ಕೇಳಿದ್ದು ಯಾರು?" ಎಂದಳು ಕುಲ್ಸುಮ್. "ನನ್ನ ದಿಂಬಿಗೆ ಪಟ್ಟಿ ಕಟ್ಕೊಂಡು ಮಲಗ್ತೀರಂತೆ, ದ್ರೌಪದಮ್ಮ ಸಂತೇಲಿ ವಾಜಿದ್‌ಗೆ ಹೇಳಿದ್ರಂತೆ. ಅದನ್ನ ಕೇಳಿ ಬಂದೆ. ಬಸ್ಸಲ್ಲೂ ರೋಜಾ ಬಿಡ್ಲಿಲ್ಲ. ಮನೇಲಿ ನಿಮ್ಮ ಜೊತೆ ಕೂತು ಬಿಡೋಣ ಅಂತಿದ್ದೆ. ಬೀದಿ ತುದಿಗೆ ಬರೋಷ್ಟರಲ್ಲಿ ಸೈರನ್ ಕೂಗ್ತು."

"ನಾನೇ ನೀರು ಕೊಟ್ಟೆ ಕಣಣ್ಣ" ಎಂದು ದ್ರೌಪದಮ್ಮ ಅಪರಾಧಿಯಂತೆ ಮುಂದೆ ಬಂದಳು. "ಕೂಗ್ತಲ್ಲ, ಇಂಗೇ ಬಾಯಾರ್ಕೊಂಡು ಯಾಕವ್ವ ನಿಂತಿದ್ದೀ, ಕುಡಿ ಅಂದೆ."

"ಸ್ಟವ್ ಹತ್ತಿದಾಗ ನನ್ನೊಬ್ಬಳನ್ನ ಬಿಟ್ಟು ಓಡಿದ್ರಿ, ಅದನ್ನ ಮರೆತೇ ಬಂದೆ. ಈಗ ಇಡೀ ಬೀದಿ ರೋಜಾ ಕೆಡಿಸಿದೀರಿ." ಕುಲ್ಸುಮ್ ತಮ್ಮನತ್ತ ತಿರುಗಿದಳು. "ವಾಜಿದ್, ಎತ್ಕೋ ಟ್ರಂಕು. ಸಿರಾ ಬಸ್ಸು ಇನ್ನೂ ಇದೆ."

"ಮತ್ತೆ ಬರಲ್ವಾ?"

ಹೊರಟವಳು ಅವನ ಬಳಿಗೆ ತಿರುಗಿ ಬಂದಳು. ಸೆರಗಿನ ಗಂಟಿನಿಂದ ಒಂದು ಖರ್ಜೂರ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. "ಇದನ್ನಾದ್ರೂ ಹೊತ್ತಿಗೆ ಸರಿಯಾಗಿ ತಿನ್ನಿ. ಬರ್ತೀನಿ. ಅವಸರ ಇಲ್ಲ. ನಾನೂ ನನ್ನದೇ ವೇಗದಲ್ಲಿ ಬರ್ತೀನಿ."

ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಜಹೀರ್ ನಿಂತೇ ಇದ್ದ. ಅತಾವುಲ್ಲಾ ಸಾಹೇಬರು ಅವನ ರಟ್ಟೆ ಹಿಡಿದರು. ಕೂಗಾಡಿ ಅವರ ತೋಳಿನಲ್ಲಿ ಶಕ್ತಿ ಉಳಿದಿರಲಿಲ್ಲ.

"ಈಗ ಹೊತ್ತಾಯ್ತು. ತಿರುಗಿಸು."

ಜಹೀರ್ ಒಂದೇ ಸಮನೆ, ತುಂಬು ದನಿಯಲ್ಲಿ ಸೈರನ್ ಕೂಗಿಸಿದ. ಒಬ್ಬರೂ ನಂಬಲಿಲ್ಲ. ಎಲ್ಲರೂ ಸಾಹೇಬರ ಮುಖ ನೋಡುತ್ತ ನಿಂತರು. ಅಜಾನ್ ಕೇಳಿದ ಮೇಲೆಯೇ ಕದಲಿದರು. ಆ ದಿನ ಬೀದಿಯಲ್ಲಿ ರೋಜಾ ಕೆಡದೆ ಉಳಿದವರು ಸಾಹೇಬರು ಮತ್ತು ಜಹೀರ್, ಇಬ್ಬರೇ.

ಅವನು ಬಯಲಿನಲ್ಲೇ ಕುಳಿತು ಖರ್ಜೂರ ಬಾಯಿಗಿಟ್ಟ. ಅದು ಇನ್ನೂ ಅವಳ ಸೆರಗಿನಷ್ಟು ಬೆಚ್ಚಗಿತ್ತು.

"ಜಹೀರಣ್ಣ" ಎಂದಳು ದ್ರೌಪದಮ್ಮ ಮೆಲ್ಲಗೆ, "ಆ ಪಾಠದಾಗೆ, ಮನೆ ಬಿಟ್ಟು ವೋದೋರನ್ನ ವಾಪಸ್ ಕರ್ಸೋದು ಎಂಗೆ ಅಂತ ಏನೂ ಬರ್ದಿಲ್ವಾ?"

"ಇಲ್ಲಮ್ಮ" ಎಂದ ಜಹೀರ್. "ಎಲ್ರನ್ನೂ ಮನೆಯಿಂದ ಹೊರಗೆ ಕಳ್ಸೋದು ಮಾತ್ರ ಇತ್ತು."