ತಗ್ಗು ಬಿದ್ದ ಡಬ್ಬಿ

ಚೌಕಾಸಿ ಮಾಡುವವರಿಗೆ ಒಂದು ಕೆಟ್ಟ ಚಟವಿರುತ್ತದೆ. ಸಾಮಾನಿನಲ್ಲಿ ಐಬು ಕಂಡರೆ ಬೇಸರವಾಗುವುದಿಲ್ಲ, ಹುರುಪು ಬರುತ್ತದೆ. ಮುದ್ದೇಬಿಹಾಳದ ಮಾರುಕಟ್ಟೆಯಲ್ಲಿ ಚೀಲ ಹೊತ್ತು ಶುರುಮಾಡಿ ತೊಗರಿ ವ್ಯಾಪಾರಿಯಾದ ನನಗೆ ಆ ಚಟ ಚೆನ್ನಾಗಿಯೇ ಹತ್ತಿದೆ. ಚೀಲದ ಮೇಲಿನ ಕಾಳನ್ನು ನಾನು ನಂಬುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ, ತಳದ ಹಿಡಿ ತೆಗೆದು ನೋಡಿದ ಮೇಲೇ ಮಾತು. ನೀವೂ ಹಾಗೇ ಮಾಡಿ.

ನನ್ನ ಮಗಳು ಶೈಲಾ ಕಾಲೇಜಿನಲ್ಲಿ ಏರ್ ರೈಫಲ್ ಹೊಡೆಯುತ್ತಾಳೆ. ತಂಡದ ಆಯ್ಕೆಗೆ ಒಂದೇ ದಿನ ಉಳಿದಿತ್ತು, ಅವಳಿಗಿದು ಕೊನೆಯ ವರ್ಷ. ಅಷ್ಟರಲ್ಲಿ ರೈಫಲ್ ಮುಷ್ಕರ ಹೂಡಿತು. ಹತ್ತು ಸೀಸದ ಗುಂಡು ಹಿಡಿಸುವ ಮ್ಯಾಗಜಿನ್ನಿನಿಂದ ಎರಡು ಹೋಗುತ್ತಿದ್ದವು, ಮೂರನೆಯದು ಸಿಕ್ಕಿಕೊಳ್ಳುತ್ತಿತ್ತು. ಸಲಹೆ ಕೊಡಲು ನಾನು ಕಾಲೇಜಿಗೇ ಹೋದೆ.

"ಎಣ್ಣಿ ಹಾಕಿಲ್ಲ, ಅದಕ್ಕ ಹಿಂಗಾಗೇತಿ," ಎಂದೆ.

"ಮುಂಜಾನೆ ಹಾಕೇವಪ್ಪಾ," ಎಂದಳು ಶೈಲಾ.

"ಹಂಗಾರ ಹೆಚ್ಚಾಗೇತಿ."

ಅವಳ ಕಣ್ಣು ತುಂಬಿದ್ದವು. ನಾನು ಕಲಿಸುವವರತ್ತ ತಿರುಗಿದೆ. ಗೊಳಸಂಗಿಯವರು, ನಿವೃತ್ತ ಸುಬೇದಾರರು. "ಬಂದೂಕಿಗೆ ವಯಸ್ಸಾಗೇತ್ರಿ, ಹೊಸಾದು ತರಸ್ರಿ. ರೇಟ್ ಬೇಕಾದ್ರ ನಾ ಮಾತಾಡ್ತೇನಿ," ಎಂದೆ.

"ತಡೀರಿ ಸಾವ್ಕಾರ್ರ," ಎಂದು ಅವರು ಸಿಕ್ಕಿಕೊಂಡ ಗುಂಡನ್ನು ಜೋಪಾನವಾಗಿ ಹೊರತೆಗೆದರು. ಹಳೆ ಡಬ್ಬಿಯ ತಳದಲ್ಲಿ ಹತ್ತೇ ಗುಂಡು ಉಳಿದಿದ್ದವು, ಅವನ್ನು ತುಂಬಿದರು. ಹತ್ತೂ ಸರಾಗವಾಗಿ ಹೋದವು. ಮತ್ತೆ ಹೊಸ ಡಬ್ಬಿಯವನ್ನು ತುಂಬಿದರು. ಮೂರನೆಯದು ಸಿಕ್ಕಿಕೊಂಡಿತು.

"ಬಂದೂಕು ಅದ ಐತಿ, ಹುಡುಗಿ ಅಕಿನ ಅದಾಳ. ಬದಲಾಗಿದ್ದು ಗುಂಡು ಅಷ್ಟರಿ."

ಕಿಟಕಿಯ ಗಾಜೊಂದನ್ನು ಓರೆಯಾಗಿಟ್ಟು ಗುಂಡುಗಳನ್ನು ಒಂದೊಂದಾಗಿ ಉರುಳಿಸಿದರು. ಕೆಲವು ನಯವಾಗಿ ಜಾರಿದವು, ಕೆಲವು ಕುಂಟುತ್ತಾ ನಿಂತವು. "ಇವುಗಳ ಹಿಂದಿನ ಅಂಚು ಚಪ್ಪಟಾಗೇತಿ. ಎಲ್ಲೋ ಡಬ್ಬಿ ಬಿದ್ದಿರಬೇಕು. ತಂದವರ್ಯಾರು?"

ತಂದವನು ನಾನು. ವಿಜಯಪುರದ ಅಂಗಡಿಯಲ್ಲಿ, ಡಬ್ಬಿಗೆ ತಗ್ಗು ಬಿದ್ದಿದೆಯೆಂದು ತೋರಿಸಿಕೊಟ್ಟು, ಅರ್ಧ ರೇಟಿಗೆ ಇಳಿಸಿದವನೂ ನಾನೇ. "ಹಾಳಾಗಿರಬಹುದ್ರಿ, ತಗದು ನೋಡ್ರಿ," ಎಂದು ಪಾಪ ಅಂಗಡಿಯವನು ಹೇಳಿದ್ದ. ಗೆದ್ದ ಖುಷಿಯಲ್ಲಿ ಮುಚ್ಚಳ ಯಾರು ತೆಗೆಯುತ್ತಾರೆ?

ಮರುದಿನ ಬೆಳಿಗ್ಗೆಯೇ ಆಯ್ಕೆ. ಬೇರೆ ಡಬ್ಬಿ ತರೋಣವೆಂದರೆ ಆ ಅಂಗಡಿಗೆ ಇವತ್ತೇ ರಜೆ. ಗಾಜನ್ನೂ ಡಬ್ಬಿಯನ್ನೂ ಮನೆಗೆ ತಂದು ಪಡಸಾಲೆಯಲ್ಲಿ ಕೂತೆ. ಉರುಳಿಸುವುದು, ಬಾಗಿದ್ದನ್ನು ತೆಗೆದಿಡುವುದು. ನನ್ನ ಹೆಂಡತಿ ಜೋಳ ಹಸನು ಮಾಡುವ ಮೊರ ತಂದು ಪಕ್ಕದಲ್ಲಿಟ್ಟು, "ಬ್ಯಾರೇಯವ್ರ ಚೀಲಕ್ಕ ಮೊಣಕೈತನಾ ಕೈ ಹಾಕ್ತೀರಿ. ಮಗಳ ಡಬ್ಬಿಗಿ ಒಂದು ಬೆರಳು ಹಾಕಾಕ ಆಗಲಿಲ್ಲೇನು?" ಎಂದಳು. ನಾನು ಇನ್ನೊಂದು ಗುಂಡು ಉರುಳಿಸಿದೆ. ಶೈಲಾ ಬಂದು ಎದುರಿಗೆ ಕೂತು ಆರಿಸತೊಡಗಿದಳು. ಅವಳು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಮರುದಿನ ಒಂದು ಗುಂಡೂ ಸಿಕ್ಕಿಕೊಳ್ಳಲಿಲ್ಲ. ಶೈಲಾ ತಂಡಕ್ಕೆ ಸೇರಿದಳು. "ನಮ್ಮಪ್ಪ ಒಂದೊಂದ ಆರಿಸಿ ಕೊಟ್ಟಾರ್ರಿ," ಎಂದು ಅವಳು ಹೇಳಿದ್ದೇ ತಡ, ಉಳಿದ ತಂದೆತಾಯಂದಿರು ನನ್ನನ್ನು ಸುತ್ತುವರಿದರು. ಗಾಜು ಎಷ್ಟು ಓರೆ ಇರಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು, ಎಲ್ಲವನ್ನೂ ವಿವರಿಸಿದೆ. ಸಿಂದಗಿಯಿಂದ ಬಂದಿದ್ದವರೊಬ್ಬರು, "ಇದನ್ನ ಎಲ್ಲಿ ಕಲ್ತ್ರಿ?" ಎಂದರು.

"ಅನುಭವರಿ," ಎಂದೆ ಗಂಭೀರವಾಗಿ.

ಶೈಲಾ ಮೇಜಿನ ಮೇಲಿದ್ದ ಡಬ್ಬಿಯನ್ನು ಮೆಲ್ಲಗೆ ತಿರುಗಿಸಿ, ತಗ್ಗು ಬಿದ್ದ ಬದಿ ನನಗೆ ಕಾಣುವ ಹಾಗೆ ಇಟ್ಟಳು.