ಹೆಣ್ಣು ನೋಡುವ ದಿನ ಇಲಿಗಳ ಈಜು

ಎಂಬತ್ತಮೂರರಲ್ಲಿ ಮೈಸೂರಿನ ಕಾಲೇಜೊಂದರ ನೌಕರರು ಮುಷ್ಕರ ಹೂಡದಿದ್ದರೆ ಪದ್ಮಲತಾಳ ಬಿಳಿ ಇಲಿಗಳು ಅರಸೀಕೆರೆಯ ಮುಖ ನೋಡುತ್ತಿರಲಿಲ್ಲ. ಅಲ್ಲಿ ಔಷಧಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಅವಳು, ಇಲಿಗಳು ಉಪವಾಸ ಸಾಯುತ್ತವೆಂದು ಪಂಜರದ ಸಮೇತ ರೈಲು ಹತ್ತಿಸಿಕೊಂಡು ತನ್ನ ಮನೆಗೆ ಬಂದಳು. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ರುದ್ರಮ್ಮ ಕಾಂಪೌಂಡಿನ ಮೇಲಿಂದ ಕೇಳಿದರು.

"ಇನ್ನೂ ಒಳ್ಳೆ ಸೀರೆ ಉಟ್ಟಿಲ್ವೇನೇ? ಹಳೇಬೀಡಿನ ಗಂಡಿನ ಕಡೆಯೋರು ಹನ್ನೊಂದಕ್ಕೆಲ್ಲಾ ಬತ್ತಾರಂತೆ."

ಪದ್ಮಲತಾ ಜಂಕ್ಷನ್ನಿನಲ್ಲಿ ಸಿಗ್ನಲ್ಲಿಗೆ ಕಾದು ನಿಂತ ಇಂಜಿನ್ನಿನಂತೆ ಬುಸುಗುಟ್ಟುತ್ತಾ ಅಡಿಗೆಮನೆಗೆ ಹೋದಳು. "ಓದು ಮುಗಿಯೋ ತನಕ ಮದುವೆ ಬೇಡ ಅಂದಿದ್ದೆ ತಾನೆ?"

ತಾಯಿ ಜಿನಮತಿ ರವೆ ಹುರಿಯುತ್ತಲೇ ಹೇಳಿದರು. "ಬರೀ ನೋಡ್ಕೊಂಡು ಹೋಗ್ತಾರೆ. ನೋಡಿದ್ರೆ ಸವೆದು ಹೋಗ್ತೀಯಾ?"

"ನೋಡಲಿ. ನನ್ನ ಕೆಲಸಾನೂ ನೋಡಲಿ."

ಅವಳು ಅಟ್ಟದಿಂದ ಉಪ್ಪಿನಕಾಯಿಯ ಉದ್ದನೆಯ ಗಾಜಿನ ಭರಣಿ ಇಳಿಸಿ, ಹಿತ್ತಲಲ್ಲಿಟ್ಟು, ನೀರು ತುಂಬಿದಳು. ಮನಸ್ಸಿನ ಖಿನ್ನತೆಗೆಂದು ಹೊಸದಾಗಿ ತಯಾರಾದ ಔಷಧಿಯನ್ನು ಇಲಿಗೆ ಕೊಟ್ಟು ನೀರಿಗೆ ಬಿಟ್ಟಳು. ಇಲಿ ಗಾಜನ್ನು ಪರಚಿತು, ಸುತ್ತು ಹಾಕಿತು. ಕೊನೆಗೆ ಮೂಗೊಂದನ್ನು ಮೇಲಿಟ್ಟು ಸುಮ್ಮನೆ ತೇಲಿತು.

"ಶಿವ ಶಿವಾ, ಜೈನರ ಮನೇಲಿ ಇಲಿ ಮುಳುಗಿಸ್ತಾವ್ರೆ," ಎಂದು ರುದ್ರಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿದರು.

ಜಿನಮತಿ ಸೌಟು ಹಿಡಿದು ಓಡಿಬಂದು ಇಲಿಯನ್ನು ಮೇಲೆತ್ತಿದರು. "ಒಂದು ಹುಳಾನೂ ಸಾಯಬಾರದು ಅಂತ ನೀರು ಸೋಸಿ ಕುಡಿಯೋ ಮನೆ ಕಣೇ ಇದು. ನಿನಗೆ ಮನುಷ್ಯತ್ವ ಇಲ್ವಾ?"

"ಸೌಟು ಕೊಡಮ್ಮ. ಎಷ್ಟು ಹೊತ್ತು ಈಜುತ್ತೆ ಅಂತ ಇನ್ನೂ ಲೆಕ್ಕ ಹಾಕ್ತಿದ್ದೆ. ಎಲ್ಲಾ ಕೆಡಿಸಿದೆ."

ತಾಯಿ ಮಗಳು ಎಳೆದಾಡುವಷ್ಟರಲ್ಲಿ ಒದ್ದೆ ಇಲಿ ಜಾರಿಕೊಂಡು ನಡುಮನೆಯತ್ತ ಓಡಿತು. ಅಲ್ಲಿ ಹಳೇಬೀಡಿನವರು ಆಗ ತಾನೇ ಬಂದು ಕೂತಿದ್ದರು. ಇಲಿ ಗಂಡಿನ ತಾಯಿ ರಾಜಮತಿಯವರ ರೇಷ್ಮೆ ಸೀರೆಯ ನೆರಿಗೆ ಹತ್ತಿ, ಮಡಿಲಲ್ಲಿ ಕೂತು ಮೈ ಕೊಡವಿತು.

ಹಿಂದೆಯೇ ಹಳೇ ಸೀರೆಯಲ್ಲಿ, ಕೆದರಿದ ಕೂದಲಲ್ಲಿ ಪದ್ಮಲತಾ ಬಂದಳು. "ಅದು ನಂದು," ಎಂದು ಇಲಿಯನ್ನು ಎತ್ತಿಕೊಂಡಳು.

ಸಂಬಂಧ ಮುರಿಯಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದೆಂದು ಅವಳಿಗೆ ಅನಿಸಿತು.

"ತಪ್ಪಿಸಿಕೊಳ್ಳೋಕೆ ದಾರಿ ಇಲ್ಲದ ನೀರಿಗೆ ಇವನ್ನ ಬಿಡ್ತೀನಿ. ಮೊದಲು ಕೈಕಾಲು ಬಡೀತವೆ. ಆಮೇಲೆ ಆಸೆ ಬಿಟ್ಟು ತೇಲ್ತವೆ. ಮನಸ್ಸಿನ ಖಿನ್ನತೆಗೆ ಕೊಡೋ ಔಷಧಿ ಒಳ್ಳೇದಾದ್ರೆ ಇನ್ನೂ ಸ್ವಲ್ಪ ಹೊತ್ತು ಬಡೀತವೆ. ದಿನಾ ಇದೇ ನನ್ನ ಕೆಲಸ. ಮದುವೆ ಆದ್ರೂ ಬಿಡಲ್ಲ. ನಿಮ್ಮ ಮನೇಲಿ ದೊಡ್ಡ ಭರಣಿ ಇದೆಯಾ?"

ಜಿನಮತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ಇಣುಕುತ್ತಿದ್ದ ರುದ್ರಮ್ಮನಿಗೆ ತಡೆಯಲಾಗಲಿಲ್ಲ.

"ತೇಲಿದ್ರೆ ಆಸೆ ಬಿಟ್ಟೈತೆ ಅಂತ ನಿಂಗ್ಯಾರೇ ಹೇಳಿದ್ರು? ಸುಸ್ತಾಗೈತೆ, ಪಾಪ. ನಾನೂ ಮದುವೆ ಆಗಿ ಆರು ತಿಂಗಳಿಗೆ ಸುಮ್ಮನಾದೆ. ನಂಗ್ಯಾರು ಔಷಧಿ ಕೊಟ್ರು?"

ಪದ್ಮಲತಾಳ ಸಿಟ್ಟು ನೆತ್ತಿಗೇರಿತು. ರಾಜಮತಿ ಎದ್ದು ನಿಂತರು. ಅಂತೂ ಹೊರಟರು ಎಂದುಕೊಂಡು ಅವಳು ದಾರಿ ಬಿಟ್ಟಳು. ಆದರೆ ರಾಜಮತಿ ಬಾಗಿಲ ಕಡೆ ಹೋಗದೆ, ಇಲಿ ಹಿಡಿದಿದ್ದ ಅವಳ ಒದ್ದೆ ಕೈಯನ್ನೇ ಹಿಡಿದುಕೊಂಡರು.

"ನಿನ್ನ ಹತ್ರ ಮುಚ್ಚಿಡಲ್ಲಮ್ಮ. ನಮ್ಮ ಮಗ ನಾಗಕುಮಾರ ಹೋದ ವರ್ಷದಿಂದ ಅಂಗಡಿಗೂ ಹೋಗ್ತಿಲ್ಲ, ಸರಿಯಾಗಿ ಊಟಾನೂ ಮಾಡ್ತಿಲ್ಲ. ಗೋಡೆ ನೋಡ್ಕೊಂಡು ಕೂತಿರ್ತಾನೆ. ಎಷ್ಟೋ ಡಾಕ್ಟರಿಗೆ ತೋರಿಸಿದ್ವಿ. ಈ ಕಾಯಿಲೆಗೇ ಔಷಧಿ ಹುಡುಕ್ತಿರೋ ಸೊಸೆ ಸಿಕ್ತಾಳೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ನಮಗೆ ಒಪ್ಪಿಗೆ."

ಮೂಲೆಯ ಕುರ್ಚಿಯಲ್ಲಿದ್ದ ನಾಗಕುಮಾರ ನಿಧಾನವಾಗಿ ತಲೆಯೆತ್ತಿದ. "ಇಲಿ ನಡುಗ್ತಾ ಇದೆ. ಮೊದಲು ಒರೆಸಿ," ಎಂದ.

"ನೋಡಿದ್ರಾ, ಆಗಲೇ ಮಾತಾಡ್ದ," ಎಂದು ರಾಜಮತಿ ಕಣ್ಣಲ್ಲಿ ನೀರು ತಂದುಕೊಂಡರು.

"ನೋಡಿ, ಈ ಔಷಧೀನ ಇನ್ನೂ ಮನುಷ್ಯರಿಗೆ ಕೊಟ್ಟು ನೋಡಿಲ್ಲ," ಎಂದು ಪದ್ಮಲತಾ ಹಲ್ಲು ಕಚ್ಚಿ ಹೇಳಿದಳು.

"ಆತುರ ಏನಿಲ್ಲಮ್ಮ," ಎಂದು ರಾಜಮತಿ ತಾಂಬೂಲದ ತಟ್ಟೆ ಹತ್ತಿರಕ್ಕೆಳೆದುಕೊಂಡರು. "ಮದುವೆ ಆದ್ಮೇಲೆ ಕೊಟ್ಟು ನೋಡಿದ್ರಾಯ್ತು."